ಇಚಲಕರಂಜಿಗೆ ಹೋದ ಖಾರದ ಡಬ್ಬಿ

ಮಂಗಳವಾರ ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಹುಡುಗಿಯೊಬ್ಬಳು ಸಿದ್ರಾಮನ ಗಿರಣಿಗೆ ಬಂದು, ಕಟ್ಟೆಯ ಮೇಲೆ ಒಂದು ತಗಡಿನ ಡಬ್ಬಿಯನ್ನು ದಪ್ಪೆಂದು ಇಟ್ಟಳು.

“ಇದು ನಮ್ಮನಿ ಖಾರ ಅಲ್ರಿ.”

ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಮಾತು ಕೇಳಿಸಲಿಲ್ಲ. ಎಂಜಿನ್ ನಿಂತಿದ್ದರೂ ಕೇಳಿಸುತ್ತಿರಲಿಲ್ಲ. ಅವನು ಅವಳ ಮುಖ ನೋಡುವುದರಲ್ಲಿ ಮುಳುಗಿದ್ದ. ಮೂಗು, ಬಾಯಿ, ಎಡಗಲ್ಲದ ಮೇಲಿನ ಸಣ್ಣ ಮಚ್ಚೆ, ಎಲ್ಲವೂ ಅವನಿಗೆ ಹೊಸದು. ಕಣ್ಣುಗಳು ಮಾತ್ರ ಹಳೆಯವು. ಅವುಗಳ ಪರಿಚಯವಾಗಿ ಆಗಲೇ ಮೂರು ದಿನವಾಗಿತ್ತು.

ಶನಿವಾರ ಅವಳು ಇದೇ ಗಿರಣಿಯಲ್ಲಿ, ಸೆರಗನ್ನು ಮೂಗಿನ ಮೇಲೆ ಬಿಗಿದುಕೊಂಡು, ಒರಳಿನ ಮುಂದೆ ಒಂದು ತಾಸು ಕೂತಿದ್ದಳು. ಮೆಣಸಿನಕಾಯಿಯ ಘಾಟಿಗೆ ಕೆಂಪಾಗಿ, ನೀರು ತುಂಬಿ, ಆದರೂ ಒರಳಿನಿಂದ ಕದಲದ ಎರಡು ಕಣ್ಣು. ಸಿದ್ರಾಮನಿಗೆ ನೀರಾಡುವ ಕಣ್ಣು ಹೊಸದಲ್ಲ. ಅವನ ಗಿರಣಿಗೆ ಬಂದವರೆಲ್ಲ ಕಣ್ಣು ಒರೆಸಿಕೊಳ್ಳುತ್ತಲೇ ಕೂರುತ್ತಾರೆ, ಅದು ಅವನ ಧಂದೆ. ಮೂರು ಬೇಸಿಗೆಯಲ್ಲಿ ಗಡಹಿಂಗ್ಲಜದ ಅರ್ಧ ಊರನ್ನು ಅಳಿಸಿದ ಮನುಷ್ಯ ಆ ಶನಿವಾರ ಎರಡು ಕಣ್ಣಿಗೆ ಸೋತುಬಿಟ್ಟ.

ಅವನ ಸೋಲು ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಗಿರಣಿಯ ವಿಷಯ ಹೇಳಲೇಬೇಕು. ಸಾವಿರದೊಂಬೈನೂರ ಐವತ್ತೆಂಟರಲ್ಲಿ ಸಿದ್ರಾಮ ಅಪ್ಪನ ಕಿರಾಣಿ ಅಂಗಡಿಯ ಅರ್ಧ ಗೋಡೆ ಒಡೆದು, ಕೊಲ್ಹಾಪುರದಲ್ಲಿ ಮಾಡಿಸಿದ ಮಸಾಲೆ ಕುಟ್ಟುವ ಯಂತ್ರ ತಂದು ಹೂಡಿದ. ನಾಲ್ಕು ಕಬ್ಬಿಣದ ಒನಕೆ, ಒಂದು ದೊಡ್ಡ ಒರಳು, ಊರೆಲ್ಲ ಕೇಳಿಸುವ ಎಂಜಿನ್. ಅದಕ್ಕೆ ಮೊದಲು ಪ್ರತಿ ಬೇಸಿಗೆಯಲ್ಲೂ ಹೆಂಗಸರು ಎಂಟು ದಿನ ಕುಟ್ಟಿ ಕುಟ್ಟಿ ಅಂಗೈ ಬೊಬ್ಬೆ ಎಬ್ಬಿಸಿಕೊಳ್ಳುತ್ತಿದ್ದರು. “ವರ್ಷದ ಖಾರ ಒಂದೇ ತಾಸಿನಲ್ಲಿ” ಎಂದು ಮೇಲೆ ಮರಾಠಿಯಲ್ಲಿ, ಕೆಳಗೆ ಕನ್ನಡದಲ್ಲಿ ಬೋರ್ಡು ಬರೆಸಿದ. ಬೋರ್ಡು ಓದಲು ಬಹಳ ಜನ ಬಂದರು. ಕುಟ್ಟಿಸಲು ಯಾರೂ ಬರಲಿಲ್ಲ.

ಕಾರಣವಿತ್ತು. ನಮ್ಮ ಕಡೆ ಒಂದು ಮನೆಯ ಮಸಾಲೆ ಖಾರ ಇನ್ನೊಂದು ಮನೆಯದರಂತೆ ಇರುವುದಿಲ್ಲ. ಕೊಬ್ಬರಿ ಎಷ್ಟು, ಎಳ್ಳು ಎಷ್ಟು, ಬೆಳ್ಳುಳ್ಳಿ ಎಷ್ಟು ಎಂಬುದನ್ನು ಅತ್ತೆ ಸೊಸೆಗೆ ಹೇಳುತ್ತಾಳೆ, ತಾಯಿ ಮಗಳಿಗೆ ಹೇಳುತ್ತಾಳೆ, ಆಚೆಮನೆಯವಳು ಕೇಳಿದರೆ ಸುಳ್ಳು ಹೇಳುತ್ತಾಳೆ. ಅಂಥದ್ದನ್ನು ತಂದು ಒಬ್ಬ ಗಂಡಸಿನ ಕೈಗೆ ಕೊಡುವುದುಂಟೇ?

ಸಿದ್ರಾಮ ಮೂರು ನಿಯಮ ಮಾಡಿ ಊರಿಗೆಲ್ಲ ಸಾರಿದ. ಕುಟ್ಟುವಷ್ಟು ಹೊತ್ತೂ ಆ ಮನೆಯ ಹೆಂಗಸು ಒರಳಿನ ಮುಂದೆ ಕಾವಲು ಕೂರಬಹುದು. ಒಂದು ಮನೆಯದು ಮುಗಿದ ಮೇಲೆ, ಮುಂದಿನ ಮನೆಯವರ ಕಣ್ಣೆದುರೇ, ಒರಳಿಗೆ ಹಿಡಿ ಉಪ್ಪು ಹಾಕಿ ಕುಟ್ಟಿ, ಬ್ರಷ್ಷಿನಿಂದ ಒರೆಸಿ, ಆ ಉಪ್ಪನ್ನು ಹೊರಗೆ ಚೆಲ್ಲುವುದು. ಒಂದು ಮನೆಯ ಚಿಟಿಕೆ ಖಾರವೂ ಇನ್ನೊಂದರಲ್ಲಿ ಬೆರೆಯಕೂಡದು. ಮೂರನೆಯದು, ಗಿರಣಿಯವನು ಗಿರಾಕಿಯ ಖಾರದ ರುಚಿ ನೋಡಕೂಡದು. ಈ ಮೂರರ ಮೇಲೆ ಅವನ ವ್ಯಾಪಾರ ನಿಂತಿತ್ತು. ಮೂರು ವರ್ಷದಲ್ಲಿ ಅವನಿಗೆ ಸೀನು ಬರುವುದೂ ನಿಂತಿತ್ತು, ಅದನ್ನು ಅವನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ.

“ಸಾವ್ಕಾರ್ರ, ನಿಮಗ ಹೇಳಾಕತ್ತೇನಿ. ಇದು ನಮ್ಮ ಖಾರ ಅಲ್ಲ.”

ಸಿದ್ರಾಮ ಎಂಜಿನ್ ನಿಲ್ಲಿಸಿದ. ಡಬ್ಬಿಯ ಮುಚ್ಚಳದ ಮೇಲೆ ಅವನದೇ ಅಕ್ಷರದಲ್ಲಿ, ಸೀಮೆಸುಣ್ಣದಲ್ಲಿ, ‘ಸಾತಪ್ಪ’ ಎಂದಿತ್ತು. ಮುಚ್ಚಳ ತೆಗೆದು ಮೂಸಿದ. ಲವಂಗದ ವಾಸನೆ ಮೂಗಿಗೆ ಹೊಡೆಯಿತು.

“ಇದು ಇಚಲಕರಂಜಿ ಬಾಳಕ್ಕಾರದು,” ಎಂದ.

ಬಾಳಕ್ಕನ ತವರು ಗಡಹಿಂಗ್ಲಜ. ಪ್ರತಿ ಚೈತ್ರದಲ್ಲೂ ತವರಿಗೆ ಬಂದು, ಇಲ್ಲಿಯ ಪೇಟೆಯಲ್ಲಿ ಮೆಣಸಿನಕಾಯಿ ಕೊಂಡು, ಕುಟ್ಟಿಸಿಕೊಂಡು ಹೋಗುತ್ತಿದ್ದಳು. ಶನಿವಾರ ಎರಡೂ ಮನೆಯ ಡಬ್ಬಿ ಪಕ್ಕಪಕ್ಕದಲ್ಲಿದ್ದವು. ಎರಡೂ ವನಸ್ಪತಿ ತುಪ್ಪದ ಡಬ್ಬಿಗಳೇ. ಹೆಸರು ಬರೆದದ್ದು ಮುಚ್ಚಳದ ಮೇಲೆ.

“ಅಂದ್ರ ಮುಚ್ಚಳ ಅದಲುಬದಲು ಮಾಡೀರಿ?”

“ಆಗೇತಿ ಅನಸ್ತೇತ್ರಿ.”

“ಹ್ಯಾಂಗಾತು? ನಾ ಕಣ್ಣ ಪಿಳುಕಸದಂಗ ಕುಂತಿದ್ನಿ.”

“ನೀವು ಒರಳ ನೋಡಾಕತ್ತಿದ್ರಿ.”

“ನೀವು ಏನ ನೋಡಾಕತ್ತಿದ್ರಿ?”

ಸಿದ್ರಾಮ ಎಂಜಿನ್ನಿಗೆ ಎಣ್ಣೆ ಹಾಕಲು ಎದ್ದು ಹೋದ. ಅರ್ಧ ತಾಸಿನ ಹಿಂದಷ್ಟೇ ಹಾಕಿದ್ದ. ಮತ್ತೂ ಹಾಕಿದ.

ತಿರುಗಿ ಬಂದು, “ಮೆಣಸಿನಕಾಯಿ, ಕೊಬ್ಬರಿ, ಎಲ್ಲಾ ನಂದ ಕೊಡ್ತೇನ್ರಿ. ಹೊಸಾದು ಕುಟ್ಟಿ ಕೊಡ್ತೇನಿ,” ಎಂದ.

“ಮೆಣಸಿನಕಾಯಿದಲ್ರಿ ಮಾತು.” ಅವಳ ದನಿ ಇಳಿಯಿತು. ಹೆಸರು ಅನ್ನವ್ವ, ಹೊಳೆದಂಡೆಯ ಕಬ್ಬಿನ ಸಾತಪ್ಪನ ಒಬ್ಬಳೇ ಮಗಳು. “ನಮ್ಮವ್ವ ದೀಪಾವಳ್ಯಾಗ ತೀರಿಕೊಂಡ್ಲು. ಅಳತಿ ಯಾರಿಗೂ ಹೇಳಿರಲಿಲ್ಲ. ಅಕೀದು ಕೈ ಅಳತಿ, ಹಿಡಿ ತುಂಬ ಹಾಕಾಕಿ. ಅಕಿ ಹಾಕಿದ್ದ ಖಾರಾನ ಅಪ್ಪ ಶಿವರಾತ್ರಿ ತನಕ ಉಂಡ. ಭರಣಿ ತಳಾ ಕೆರದು ಉಂಡ. ಆಮ್ಯಾಲ ಊಟದ ಮ್ಯಾಲ ಮನಸ್ಸಽ ಇಲ್ಲ ಅವಗ.”

ಸಿದ್ರಾಮ ಡಬ್ಬಿಯ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ.

“ಈ ಸಲ ನಾ ಅಕಿ ಕೈ ನೆನಸಿ ನೆನಸಿ ಹುರದೇನಿ. ಮೂರ ದಿನ ಡಬ್ಬಿ ತಗೀಬಾರ್ದು ಅಂತಿದ್ಲು, ಅದಕ್ಕ ರುಚೀನೂ ನೋಡಿಲ್ಲ. ಸರಿ ಬಂದೇತೋ ಇಲ್ಲೋ ಗೊತ್ತಿಲ್ಲ. ಇನ್ನೊಮ್ಮೆ ಮಾಡಿದ್ರ ಅದ ಕೈ ಬರತೇತಿ ಅಂತ ಹ್ಯಾಂಗ ಹೇಳ್ಲಿ?”

ಈ ಸಲ ಅವಳ ಕಣ್ಣು ಕೆಂಪಾದದ್ದು ಮೆಣಸಿನಕಾಯಿಗಲ್ಲ. ಸಿದ್ರಾಮನಿಗೆ ತನ್ನ ಮೇಲೆ ತನಗೇ ಸಿಟ್ಟು ಬಂತು.

“ನಾಳೆ ಮುಂಜಾನಿ ಇಚಲಕರಂಜಿಗೆ ಹೋಗ್ತೇನ್ರಿ. ನಿಮ್ಮ ಡಬ್ಬಿ ನಿಮ್ಮ ಮನಿಗೆ ಬರತೇತಿ.”

“ಸೀಜನ್ನಿನ್ಯಾಗ ಗಿರಣಿ ಮುಚ್ಚಿ?”

“ಮುಚ್ಚೇ ಹೋಗ್ತೇನಿ.”

ಸರದಿಯಲ್ಲಿ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಹೋದ ವರ್ಷ ಜ್ವರ ಬಂದಾಗಲೂ ಈ ಮನುಷ್ಯ ಗಿರಣಿ ಮುಚ್ಚಿರಲಿಲ್ಲ.

ಬುಧವಾರ ಬೆಳಗಿನ ಮೊದಲ ಎಸ್.ಟಿ. ಬಸ್ಸಿಗೆ ಅವನು ಬಾಳಕ್ಕನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೊರಟ. ದಾರಿ ಕೆಟ್ಟಿತ್ತು, ಮುಚ್ಚಳ ಸಡಿಲಿತ್ತು. ನಿಪ್ಪಾಣಿ ದಾಟುವಷ್ಟರಲ್ಲಿ ಬಸ್ಸಿಗೆ ಬಸ್ಸೇ ಸೀನತೊಡಗಿತು. ಕಂಡಕ್ಟರ್ ಮೂಗು ಹಿಡಿದುಕೊಂಡು ಬಂದು, “ಪಾವ್ಣ, ಡಬ್ಬಾ ವರ್ ಠೇವಾ,” ಎಂದ. ಡಬ್ಬಿ ಬಸ್ಸಿನ ಮಾಡು ಹತ್ತಿತು. ಸಿದ್ರಾಮನೊಬ್ಬನೇ ಸೀನದೆ, ಕಿಟಕಿಯ ಹೊರಗೆ ನೋಡುತ್ತ, ಎಡಗಲ್ಲದ ಮಚ್ಚೆಯನ್ನು ನೆನೆಯುತ್ತ ಕೂತಿದ್ದ. ಕೊಲ್ಹಾಪುರದಲ್ಲಿ ಇಳಿದು ಬಸ್ಸು ಬದಲಿಸಬೇಕೆಂಬುದನ್ನೂ ಕಂಡಕ್ಟರನೇ ನೆನಪಿಸಬೇಕಾಯಿತು.

ಇಚಲಕರಂಜಿಯಲ್ಲಿ ಓಣಿ ಓಣಿಗೂ ಮಗ್ಗದ ಸದ್ದು. ಬಾಳಕ್ಕನ ಮನೆಯ ಹಿಂದೆ ಹನ್ನೆರಡು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ಆ ಸದ್ದಿನ ಮೇಲೆ ದನಿಯೇರಿಸಿ ಮಾತಾಡಿ ಮಾತಾಡಿ ಬಾಳಕ್ಕನ ಗಂಟಲು ಗಟ್ಟಿಯಾಗಿತ್ತು.

“ಸಿದ್ರಾಮ, ಆ ಡಬ್ಬಿ ನಾ ಕೊಡಾಂಗಿಲ್ಲ ತಮ್ಮಾ.”

“ಅಕ್ಕಾರ, ಅದು ನಿಮ್ಮದಲ್ರಿ.”

“ನಂದಲ್ಲ ಅಂತ ಮೊದಲ ತುತ್ತಿಗೇ ಗೊತ್ತಾತು. ಇಪ್ಪತ್ತೈದ ವರ್ಷ ನಾ ಹಾಕಿದ ಖಾರ ಉಂಡು ಇವರ್ಯಾರೂ ಬಾಯಿ ಬಿಟ್ಟಿರಲಿಲ್ಲ. ಇದನ್ನ ಉಂಡು ಮನಿ ಮಂದಿಯೆಲ್ಲಾ ನನ್ನ ಹೊಗಳಾಕ ಹತ್ತ್ಯಾರ. ಈಗ ತಿರುಗಿ ಕೊಟ್ಟು ನಾ ಯಾಕ ಹೊಗಳಿಕಿ ಕಳಕೊಳ್ಳಲಿ? ಕುಂಡ್ರು, ಊಟಾ ಮಾಡು.”

ತಾಟಿನಲ್ಲಿ ಜೋಳದ ಭಕ್ಕರಿ, ಬದನೆಕಾಯಿ ಎಣ್ಣೆಗಾಯಿ. ಎಣ್ಣೆಗಾಯಿಯ ಕೆಂಪು ನೋಡಿದ ಕೂಡಲೇ ಸಿದ್ರಾಮನ ಕೈ ತಡೆಯಿತು.

“ನಾ ಗಿರಾಕಿ ಖಾರ ತಿನ್ನಾಂಗಿಲ್ರಿ. ನಿಯಮ ಐತಿ.”

“ನಿಯಮ ನಿನ್ನ ಗಿರಣ್ಯಾಗ. ಇದು ನನ್ನ ಅಡಗಿಮನಿ.”

ಉಂಡ. ಮೊದಲು ಕೊಬ್ಬರಿ ಬಂತು, ಆಮೇಲೆ ಎಳ್ಳು, ಬೆಳ್ಳುಳ್ಳಿ ಎಲ್ಲೋ ದೂರದಿಂದ. ಖಾರ ಎಲ್ಲಕ್ಕಿಂತ ಕೊನೆಗೆ ಬಂತು, ಬಂದದ್ದು ನಾಲಿಗೆಯ ಮೇಲೆಯೇ ಕೂತಿತು. ಮೂರು ವರ್ಷ ಊರಿನ ಖಾರವನ್ನೆಲ್ಲ ಕುಟ್ಟಿ, ರುಚಿ ನೋಡದೆ ಉಳಿದವನು ಅವನು. ಒಂದು ಹುಡುಗಿ ಸತ್ತ ತಾಯಿಯ ಕೈಯನ್ನು ನೆನೆಸಿ ನೆನೆಸಿ ಮಾಡಿದ್ದನ್ನು ತಾನು ಕಳೆದಿದ್ದೆನಲ್ಲ ಎಂದು ತನ್ನನ್ನು ತಾನೇ ಬೈದುಕೊಂಡ. ಆದರೂ ನಾಲ್ಕು ಭಕ್ಕರಿ ಉಂಡ.

“ಯಾರ ಕೈಯಿದು?” ಬಾಳಕ್ಕ ಐದನೆಯದನ್ನು ಹಾಕುತ್ತ ಕೇಳಿದಳು.

“ಸಾತಪ್ಪಾರ ಮಗಳು. ಅನ್ನವ್ವ ಅಂತ.”

“ನಮ್ಮ ಮಂದೀನ ಆತು. ಲಗ್ನ ಆಗೇತೇನು?”

ಆಗಿದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ವ್ಯಾಪಾರದಲ್ಲಿ ಸುಳ್ಳು ಹೇಳಿ ಅವನ ನಾಲಿಗೆಗೆ ರೂಢಿಯಿರಲಿಲ್ಲ.

“ಇಲ್ರಿ,” ಎಂದ, ಭಕ್ಕರಿ ಗಂಟಲಲ್ಲಿ ಸಿಕ್ಕಿಕೊಂಡಿತು.

ನೀರು ತಂದುಕೊಟ್ಟದ್ದು ಬಾಳಕ್ಕನ ಮಗ ದಾದಾಸಾಹೇಬ. ಇಪ್ಪತ್ತೈದರ ಹುಡುಗ, ಬಿಳಿ ಪೈಜಾಮ, ಕೈಗೆ ವಾಚು, ನಗುಮುಖ. ಬೆನ್ನು ತಟ್ಟಿ, “ಸಾವಕಾಶ ಉಣ್ರಿ ಅಣ್ಣಾ,” ಎಂದ. ಅವನು ಕೊಂಚ ಕೆಟ್ಟವನಾಗಿದ್ದರೆ ಸಿದ್ರಾಮನಿಗೆ ಎಷ್ಟೋ ಅನುಕೂಲವಾಗುತ್ತಿತ್ತು. ಒಳ್ಳೆಯವನಾಗಿದ್ದ, ಅದೇ ತೊಂದರೆ.

ಹೊರಡುವಾಗ ಬಾಳಕ್ಕ ಅರ್ಧ ಡಬ್ಬಿ ಖಾರ ತಿರುಗಿ ಕೊಟ್ಟಳು, ಉಳಿದರ್ಧ ತನಗೆ ಬೇಕೇ ಬೇಕೆಂದಳು. ಜೊತೆಗೆ ಒಂದು ಕುಪ್ಪಸದ ಖಣ, ಒಂದು ತೆಂಗಿನಕಾಯಿ.

“ಇದನ್ನ ಸಾತಪ್ಪಾಗ ಕೊಟ್ಟು ನಮ್ಮ ದಾದಾಸಾಹೇಬನ ಮಾತ ಹೇಳು. ಒಪ್ಪಿಗಿ ಇದ್ರ ಇಟ್ಕೊಳ್ಳಲಿ. ಇಲ್ಲಂದ್ರ ತಿರುಗಿ ಕಳಸಲಿ, ನನಗೇನ ಸಿಟ್ಟಿಲ್ಲ. ನಿನ್ನ ಗಿರಣ್ಯಾಗಿಂದ ಬಂದ ಸಂಬಂಧ, ನೀನಽ ಮಧ್ಯಸ್ತ.”

ಹಾಗೆ, ತಾನು ಮುಚ್ಚಳ ಅದಲುಬದಲು ಮಾಡಿದ್ದರಿಂದ ಹುಟ್ಟಿದ ಸಂಬಂಧವನ್ನು ತಾನೇ ಹೊತ್ತುಕೊಂಡು ಸಿದ್ರಾಮ ಊರಿಗೆ ಬಂದ.

ಗುರುವಾರ ಡಬ್ಬಿ ಸಾತಪ್ಪನ ಮನೆ ಸೇರಿತು. ಖಣ, ಕಾಯಿ ಮಾತ್ರ ಅಂಗಡಿಯಲ್ಲೇ ಉಳಿದವು. ನಾಳೆ ಕೊಟ್ಟರಾಯಿತು ಎಂದುಕೊಂಡು ಅವುಗಳನ್ನು ಸಾಬೂನಿನ ಪೆಟ್ಟಿಗೆಗಳ ಹಿಂದೆ ಇಟ್ಟ. ಇಟ್ಟದ್ದು ಕಾಣಬಾರದೆಂದು ಮುಂದೆ ಇನ್ನೊಂದು ಪೆಟ್ಟಿಗೆ ಇಟ್ಟ.

ಶುಕ್ರವಾರ ಅನ್ನವ್ವ ತಾನಾಗಿಯೇ ಗಿರಣಿಗೆ ಬಂದಳು. ಕುಟ್ಟಿಸುವುದೇನೂ ಇರಲಿಲ್ಲ. ಮುಖ ತೆರೆದೇ ಇತ್ತು.

“ನಿನ್ನೆ ಪಲ್ಯಾ ಮಾಡಿದ್ನಿ. ಅಪ್ಪ ಬಾಯಿ ಬಿಡಲಿಲ್ಲ. ಒಂದ ರೊಟ್ಟಿ ಉಂಡ, ಎರಡ ಉಂಡ. ಆಮ್ಯಾಲ ತಾಟ ನೋಡಕೋತ, ‘ಕೇಳಿದೇನು, ಇನ್ನೊಂದ ಹಾಕ,’ ಅಂದ.”

“ಮತ್ತ?”

“ಅವ್ವಗ ‘ಕೇಳಿದೇನು’ ಅಂತ ಕರೀತಿದ್ದ. ನನಗ ಹೆಸರ ಹಿಡದ ಕರೀತಾನ.” ಅವಳು ನಗಲು ಹೋದಳು, ನಗೆ ಅರ್ಧಕ್ಕೇ ನಿಂತು ಕಣ್ಣು ತುಂಬಿ ಬಂತು. “ಸರಿ ಬಂದೇತ್ರಿ ಖಾರ. ಅದನ್ನ ಹೇಳಾಕ ಬಂದೇನಿ.”

ಹೋಗುವಾಗ ಬಾಗಿಲಲ್ಲಿ ಒಮ್ಮೆ ನಿಂತಳು. ಸಿದ್ರಾಮ ನೋಡುತ್ತಾನೋ ಎಂದು ನೋಡಿದಳು. ಅವನು ನೋಡುತ್ತಿದ್ದ. ಇಬ್ಬರೂ ಒಟ್ಟಿಗೆ ಬೇರೆ ಕಡೆ ತಿರುಗಿದರು. ಅವನ ಬೆನ್ನ ಹಿಂದೆ ಸಾಬೂನಿನ ಪೆಟ್ಟಿಗೆಗಳ ಸಂದಿಯಲ್ಲಿ ಕಾಯಿ ಕೂತಿತ್ತು.

ಶನಿವಾರ ಹೋಯಿತು, ಭಾನುವಾರ ಹೋಯಿತು. ಸೋಮವಾರ ಅವನ ತಾಯಿ ಹಾಲವ್ವ ಸಾಬೂನು ತೆಗೆಯಲು ಬಂದಳು.

“ಇದ್ಯಾರ ಕಾಯಿ? ಖಣಾನೂ ಐತಿ.”

ಸಿದ್ರಾಮ ಎಲ್ಲ ಹೇಳಿದ, ಎರಡು ಕಣ್ಣಿನ ವಿಷಯವೊಂದನ್ನು ಬಿಟ್ಟು. ಅದನ್ನು ಹಾಲವ್ವ ಹೇಳಿಸಿಕೊಳ್ಳದೆಯೇ ತಿಳಿದುಕೊಂಡಳು. ಕಾಯಿಯನ್ನು ಕೈಗೆತ್ತಿಕೊಂಡು ಮಗನ ಪಕ್ಕ ಕೂತಳು.

“ಮಂದಿ ತಮ್ಮ ಡಬ್ಬಿ ನಿನ್ನ ನಂಬಿ ಬಿಡ್ತಾರ. ಇದೂ ಒಬ್ಬರದು ಡಬ್ಬಿ ಅಂತ ತಿಳಕೊ. ನಿಂದಲ್ಲದ್ದು ನಿನ್ನ ಅಂಗಡ್ಯಾಗ ಐದ ದಿನ ಯಾಕ ಇರಬೇಕು? ಹೋಗು, ಮುಟ್ಟಸಿ ಬಾ.”

ಅವನು ಅಂದೇ ಸಂಜೆ ಹೋದ. ಸಾತಪ್ಪ ಮಾತು ಕೇಳಿ ಬಹಳ ಸಂತೋಷಪಟ್ಟ. ಹನ್ನೆರಡು ಮಗ್ಗದ ಮನೆ, ಊರಿಗೆ ಬೇಕಾದ ಬಾಳಕ್ಕ, ವಾಚು ಕಟ್ಟಿದ ಹುಡುಗ. “ಛಲೋ ಮನಿ. ಆದರ ನಮ್ಮ ಹುಡಿಗೀನ ಕೇಳಬೇಕಪ್ಪಾ,” ಎಂದು, ಅತಿಥಿಗೆ ಬೆಲ್ಲ ತರಲು ಒಳಗೆ ಹೋದ.

ಅಲ್ಲೇ ಬಾಗಿಲಲ್ಲಿ ನಿಂತಿದ್ದ ಅನ್ನವ್ವ ಕಾಯಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು.

“ಬಾಳಕ್ಕಾರು ಇದನ್ನ ಯಾವತ್ತ ಕೊಟ್ರು?”

“ಬುಧವಾರ.”

“ಇವತ್ತ ಸ್ವಾಮಾರ.”

“ಹೌದ್ರಿ.”

“ಎಲ್ಲಿತ್ರಿ ಇಷ್ಟ ದಿನ?”

“ಸಾಬೂನಿನ ಪೆಟಗಿ ಹಿಂದ.”

ಅವಳ ತುಟಿಯ ಅಂಚು ಸ್ವಲ್ಪ ಅಲುಗಿತು. “ಶುಕ್ರವಾರ ನಾ ಬಂದಾಗೂ ಅಲ್ಲೇ ಇತ್ತು?”

“ಇತ್ತು. ಕೊಡಾಕ ಕೈ ಬರಲಿಲ್ರಿ.”

“ಮತ್ತ ಇವತ್ತ ಹ್ಯಾಂಗ ಬಂತು?”

“ಕಾಯಿ ನಂದಲ್ಲಲ್ರಿ.” ಸಿದ್ರಾಮ ನೆಲ ನೋಡುತ್ತಿದ್ದವನು ತಲೆಯೆತ್ತಿದ. “ಇನ್ನೊಂದ ಹೇಳೂದೈತಿ. ಇಚಲಕರಂಜ್ಯಾಗ ನಿಮ್ಮ ಖಾರ ಉಂಡೇನಿ. ನಿಯಮ ಮುರದೇನಿ. ಮಾಫ ಮಾಡ್ರಿ.”

“ಹ್ಯಾಂಗಿತ್ತು?”

“ಅವತ್ತಿನಿಂದ ನಮ್ಮವ್ವನ ಅಡಗಿ ಬಾಯಿಗೆ ಹತ್ತವಲ್ದು.”

ಅನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಣ್ಣುಗಳಷ್ಟೇ ಉಳಿದವು, ಮೊದಲ ದಿನದಂತೆ. ಈಗ ಅವು ನಗುತ್ತಿದ್ದವು. “ಅವ್ವಾರ ಮುಂದ ಹೇಳಬ್ಯಾಡ್ರಿ,” ಎಂದಳು. ಸ್ವಲ್ಪ ತಡೆದು, “ನಿಮ್ಮ ಮನಿ ಖಾರ ಯಾವಾಗ ಕುಟ್ಟತೀರಿ?” ಎಂದು ಕೇಳಿದಳು.

“ಊರಿನ ಮಂದೀದು ಮುಗೀತ ಬಂದ ಮ್ಯಾಲ. ಈ ಬುಧವಾರ. ಯಾಕ್ರಿ?”

“ಸುಮ್ಮ ಕೇಳಿನ್ರಿ.”

ಬೆಲ್ಲ, ನೀರು ಬಂದವು. ಕಾಯಿ ಅವಳ ಕೈಯಲ್ಲೇ ಇತ್ತು. ಅದನ್ನು ಅವಳು ಒಳಗೆ ತೆಗೆದುಕೊಂಡು ಹೋದುದನ್ನು ನೋಡಿ ಸಿದ್ರಾಮ ಮನೆಗೆ ಬಂದ. ಆ ಎರಡು ದಿನ ಅವನು ಮುಚ್ಚಳಗಳ ಮೇಲೆ ಹೆಸರನ್ನು ಎರಡೆರಡು ಸಲ ಬರೆದ.

ಬುಧವಾರ ಹಾಲವ್ವನ ಖಾರ ಒರಳಿಗೆ ಬಿತ್ತು. ಕೊನೆಯ ಸರದಿಗೆಂದು ಐದಾರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಹಾಲವ್ವನದು ಮುಗಿದು ಡಬ್ಬಿಗೆ ತುಂಬುತ್ತಿದ್ದಾಗ ಅನ್ನವ್ವ ಬಂದಳು. ಸೊಂಟದ ಮೇಲೆ ಡಬ್ಬಿ, ಕೈಯಲ್ಲಿ ಒಂದು ಚೀಲ.

“ಅರ್ಧ ಡಬ್ಬಿ ವರ್ಷಕ್ಕ ಸಾಲಾಂಗಿಲ್ಲ. ಮತ್ತ ಹುರಕೊಂಡ ಬಂದೇನಿ. ಅದ ಕೈ ಬಂದೇತಿ ಅನಸ್ತೇತಿ. ನನ್ನ ಸರದಿ ಈಗ ಹಿಡೀರಿ.”

ಉಳಿದವರು ಒಪ್ಪಿದರು. ಸಿದ್ರಾಮ ಎಂದಿನಂತೆ ಒರಳಿಗೆ ಹಾಕಲು ಹಿಡಿ ಉಪ್ಪು ತೆಗೆದುಕೊಂಡ, ಇನ್ನೊಂದು ಕೈಯಲ್ಲಿ ಬ್ರಷ್ಷು.

“ಒರಸಬ್ಯಾಡ್ರಿ,” ಅಂದಳು ಅನ್ನವ್ವ.

ಗೋಡೆಯ ಪಕ್ಕದ ಮಾತು ನಿಂತಿತು. ಮೂರು ವರ್ಷದಲ್ಲಿ ಆ ಗಿರಣಿಯಲ್ಲಿ ಯಾರೂ ಆಡದ ಮಾತು ಅದು. ಒರಳು ಸರಿಯಾಗಿ ಒರೆಸಲಿಲ್ಲವೆಂದು ಅಲ್ಲಿ ಜಡೆ ಹಿಡಿದು ಜಗಳವಾಗಿತ್ತು.

ಹಾಲವ್ವ ಡಬ್ಬಿ ಕೆಳಗಿಟ್ಟಳು. “ತಂಗೀ, ಒರಳಾಗ ನಮ್ಮನಿ ಖಾರ ಐತಿ.”

“ಗೊತ್ತೈತ್ರಿ.”

“ನಿಮ್ಮನಿದರಾಗ ಬೆರಿತೇತಿ.”

“ಬೆರೀಲಿ ಬಿಡ್ರಿ.” ಅನ್ನವ್ವ ತಲೆ ತಗ್ಗಿಸಿ, ಚೀಲವನ್ನು ಸಿದ್ರಾಮನ ಮುಂದೆ ಸರಿಸಿದಳು. ಒಳಗೆ ಖಣ, ತೆಂಗಿನಕಾಯಿ, ಒಂದು ಸಣ್ಣ ಡಬ್ಬಿ. “ಇವನ್ನ ಇಚಲಕರಂಜಿಗೆ ಮುಟ್ಟಸ್ರಿ. ಡಬ್ಬ್ಯಾಗ ಒಂದ ಸೇರ ಖಾರ ಐತಿ, ಅವತ್ತಿನದಽ, ಬಾಳಕ್ಕಾರ ಹೊಗಳಿಕಿ ಹೋಗಬಾರ್ದು. ಅಪ್ಪನ ಕೇಳೇ ಬಂದೇನಿ. ಕೊಡಾಕ ಮನಸ್ಸಿಲ್ದಿದ್ರೂ ಮಂದಿ ಕಾಯಿ ತಂದು ಮುಟ್ಟಸಿದವ್ನ ಮನೀನ ನಮಗ ಛಲೋ ಅಂತ ಅಂದ.”

ಹಾಲವ್ವ ಎದ್ದು ಹುಡುಗಿಯ ಹತ್ತಿರ ಹೋದಳು. ಅವಳ ಡಬ್ಬಿಯಿಂದ ಒಂದು ಚಿಟಿಕೆ ತೆಗೆದು ಮೂಸಿ ನೋಡಿ, “ಬೆಳ್ಳೊಳ್ಳಿ ಎಷ್ಟ ಹಾಕೀದಿ?” ಎಂದು ಕೇಳಿದಳು. ಅನ್ನವ್ವ ಬಗ್ಗಿ ಅವಳ ಕಿವಿಯಲ್ಲಿ ಹೇಳಿದಳು. ಗೋಡೆಗೆ ಒರಗಿದವರೆಲ್ಲ ಕತ್ತು ಮುಂದೆ ಚಾಚಿದರು. ಯಾರಿಗೂ ಕೇಳಿಸಲಿಲ್ಲ. ನನಗೂ ಇವತ್ತಿನ ತನಕ ಗೊತ್ತಿಲ್ಲ.

ಸಿದ್ರಾಮ ಹಿಡಿಯಲ್ಲಿದ್ದ ಉಪ್ಪನ್ನು ತಿರುಗಿ ಉಪ್ಪಿನ ಚೀಲಕ್ಕೆ ಹಾಕಿದ. ಎಂಜಿನ್ ಚಾಲೂ ಮಾಡಿದ. ನಾಲ್ಕು ಒನಕೆ ಎದ್ದು ಬಿದ್ದವು, ಎರಡು ಮನೆಯ ಘಾಟು ಒಂದಾಗಿ ಮೇಲೆದ್ದಿತು. ಮೂರು ವರ್ಷದಿಂದ ಸೀನದ ಮನುಷ್ಯ ಒಂದು ಸಲ ಸೀನಿದ, ಎರಡು ಸಲ ಸೀನಿದ, ಟವೆಲನ್ನು ಮೂಗಿನ ಮೇಲೆ ಬಿಗಿದುಕೊಂಡ.

ಅನ್ನವ್ವ ಒರಳಿನ ಮುಂದೆ ಕೂತಳು. ಆದರೆ ಈ ಸಲ ಅವಳು ಒರಳನ್ನು ಕಾಯಲಿಲ್ಲ. ಟವೆಲಿನ ಮೇಲೆ ಕಾಣುತ್ತಿದ್ದ ಎರಡು ಕೆಂಪು ಕಣ್ಣುಗಳನ್ನು, ಅವು ತುಂಬಿ ಹರಿಯುವುದನ್ನು, ನೆಟ್ಟ ನೋಟದಿಂದ ನೋಡುತ್ತಿದ್ದಳು.

“ಕಣ್ಣಿಗೆ ಘಾಟ ಹತ್ತೇತೇನ್ರಿ?” ಎಂದು ಕೇಳಿದಳು.

“ಹೌದ್ರಿ,” ಎಂದ ಸಿದ್ರಾಮ.

ವ್ಯಾಪಾರಕ್ಕೆ ಕೂತ ಮೇಲೆ ಅವನು ಹೇಳಿದ ಮೊದಲ ಸುಳ್ಳು ಅದು.